ಕೊಯ್ದ ಹೊಟ್ಟೆಯ ಬಾಣಂತನ

ಮಗಳ ಹೊಟ್ಟೆಯನ್ನು ನೋಡಲು ರಾಜೀವಿಗೆ ಧೈರ್ಯ ಸಾಲಲಿಲ್ಲ. ಹೆತ್ತವಳಿಗೆ ಅದೆಂಥ ಹೆದರಿಕೆ ಎಂದು ಕೇಳುವವರು ಕೇಳಲಿ, ಅವರು ಆ ಗಾಯ ನೋಡಿದವರಲ್ಲ. ಹೊಕ್ಕುಳಿನಿಂದ ನೆಟ್ಟಗೆ ಕೆಳಗೆ, ಅಕ್ಕಿಮೂಟೆಯ ಬಾಯಿ ಹೊಲಿದ ಹಾಗೆ ಹೊಲಿದಿದ್ದರು. ನೂಲು ತೆಗೆದ ಮೇಲೂ ಎರಡು ಬದಿಗೆ ತೂತಿನ ಕಲೆಗಳು ಸಾಲಾಗಿ ಉಳಿದಿದ್ದವು. ಆಸ್ಪತ್ರೆಯ ನರ್ಸು ಪಟ್ಟಿ ಬಿಚ್ಚಿ, ನೋಡಿ ಬಾಯಿ, ಎಷ್ಟು ಚೆಂದ ಕೂಡಿಕೊಂಡಿದೆ ಎಂದು ಮರಾಠಿಯಲ್ಲಿ ಹೊಗಳಿದಾಗ ರಾಜೀವಿ ಗೋಡೆಯ ಕ್ಯಾಲೆಂಡರಿನ ಕಡೆ ಮುಖಮಾಡಿ "ಹೋ, ಹೋ" ಎಂದಳು.

ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಕೊಯ್ಯದಿದ್ದರೆ ತಾಯಿಯೂ ಇಲ್ಲ ಮಗುವೂ ಇಲ್ಲ ಎಂದು ಬೊಂಬಾಯಿಯ ದಾದರದ ಆಸ್ಪತ್ರೆಯ ಡಾಕ್ಟರಮ್ಮ ಹೇಳಿದ್ದರು. ಕೊಯ್ದರು, ಇಬ್ಬರೂ ಉಳಿದರು, ಹುಟ್ಟಿದ್ದು ಹೆಣ್ಣು. ಅಳಿಯಕಟ್ಟಿನ ಮನೆಯಲ್ಲಿ ಹೆಣ್ಣು ಹುಟ್ಟಿದರೆ ಕುಟುಂಬ ಬೆಳೆಯಿತೆಂದೇ ಲೆಕ್ಕ. ಸಕ್ಕರೆ ಹಂಚಬೇಕಾಗಿದ್ದ ರಾಜೀವಿ ಮಾತ್ರ ಹೊಲಿಗೆ ಬಿಚ್ಚಿಹೋದೀತೆಂಬ ಚಿಂತೆಯಲ್ಲಿ ಸಕ್ಕರೆ ಡಬ್ಬಿಯ ಕಡೆಗೇ ಹೋಗಲಿಲ್ಲ.

ಅವರದು ಭಾಂಡುಪಿನ ಒಂದು ಚಾಳಿನಲ್ಲಿ ಒಂದೇ ಕೋಣೆಯ ಖೋಲಿಯ ಸಂಸಾರ. ಗಂಡ ಕೊರಗಪ್ಪ ಹತ್ತಿರದ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅಡುಗೆಯವ. ಇದ್ದವಳೊಬ್ಬಳೇ ಮಗಳು ವಿನೋದಿನಿ. ಅವಳ ಗಂಡ ಚೆನ್ನಯ ದಾದರದ ಹೋಟೆಲಿನಲ್ಲಿ ಚಾ ಮಾಡುವ ಕೆಲಸದಲ್ಲಿದ್ದು, ಅಲ್ಲಿನ ಅಟ್ಟದ ಮೇಲೆಯೇ ಮಲಗುತ್ತಿದ್ದ. ಬಾಣಂತನ ಮುಗಿದೊಡನೆ ಹೆಂಡತಿಯನ್ನು ಕರೆದೊಯ್ಯಲೆಂದು ಮುಲುಂಡಿನಲ್ಲಿ ಒಂದು ಖೋಲಿ ಹಿಡಿದಿಟ್ಟಿದ್ದ. ಇನ್ನು ಬಾಣಂತನ ಮಾಡಲು ಊರಿನಿಂದ ಹಡಗು ಹತ್ತಿ ಬಂದವಳು ರಾಜೀವಿಯ ತಾಯಿ ಅಪ್ಪಿ. ಪಡುಬಿದ್ರೆಯ ಸುತ್ತಮುತ್ತ ಅಪ್ಪಿಯ ಕೈ ತಾಗದ ಬಾಣಂತಿ ಇಲ್ಲ. ಸೊಂಟ ಬಿದ್ದವರನ್ನು ಎಬ್ಬಿಸಿದ ಕೈ, ಜೋತ ಹೊಟ್ಟೆಯನ್ನು ಒಳಗೆ ಕೂರಿಸಿದ ಕೈ ಎಂದು ಊರು ಹೇಳುತ್ತಿತ್ತು. ಊರು ಹೇಳದಿದ್ದರೆ ಅಪ್ಪಿಯೇ ಹೇಳುತ್ತಿದ್ದಳು.

ಮಗಳನ್ನು ಚಾಪೆಯ ಮೇಲೆ ಮಲಗಿಸಿ, ಗಂಜಿಗೆ ನೀರಿಟ್ಟು, ರಾಜೀವಿ ತಾಯಿಗೆ ಡಾಕ್ಟರಮ್ಮನ ಮಾತು ಹೇಳಿದಳು.

"ಹೊಟ್ಟೆ ಮುಟ್ಬಾರ್ದಂತೆ ಅಮ್ಮ. ತಿಕ್ಬಾರ್ದು, ಶಾಖ ಕೊಡ್ಬಾರ್ದು. ಹಾಗೇ ಬಿಡ್ಬೇಕಂತೆ."

"ಮತ್ತೆ ನಾನು ಸಮುದ್ರ ದಾಟಿ ಬಂದದ್ದು ಎಂತಕ್ಕೆ? ಬೊಂಬಾಯಿ ನೋಡ್ಲಿಕ್ಕಾ?"

"ಡಾಕ್ಟರಮ್ಮ ಹೇಳಿದ್ದು ಮಾರಾಯ್ತಿ."

"ಅವಳು ಹೆತ್ತಿದ್ದಾಳಾ?"

"ನನಗೆಂತ ಗೊತ್ತು?"

"ಕೇಳ್ಬೇಕಿತ್ತು," ಎಂದಳು ಅಪ್ಪಿ. "ಹಸಿ ಬಾಣಂತಿಯನ್ನು ನೀರು ಹಾಕದೆ ಬಿಟ್ರೆ ವಾಯು ಏರ್ತದೆ. ನಾಳೆ ಸೊಂಟ ಹಿಡಿದು ಕೂತ್ರೆ ಆ ಡಾಕ್ಟರಮ್ಮ ಬಂದು ನಿನ್ನ ಮಗಳ ಮನೆಯಲ್ಲಿ ನೀರು ಹೊರ್ತಾಳಾ?"

ಕೊರಗಪ್ಪ ಬೀಡಿಯ ತುದಿ ಕಚ್ಚಿಕೊಂಡು ಬಾಗಿಲಲ್ಲಿ ಕೂತಿದ್ದ. "ಅತ್ತೆ ಹೇಳುದರಲ್ಲಿ ತಪ್ಪೆಂತ ಉಂಟು? ಇಡೀ ಊರು ಇವರ ಕೈಯಲ್ಲಿ ನೆಟ್ಟಗಾಗಿದೆ," ಎಂದ.

"ಊರಿನವರ ಹೊಟ್ಟೆ ಕೊಯ್ದದ್ದಲ್ಲ, ಇವರೇ!"

"ಕೊಯ್ದ್ರೆ ಎಂತ? ಹೊಟ್ಟೆ ಹೊಟ್ಟೆಯೇ ಅಲ್ವಾ?"

ಕೊನೆಗೆ ಹಾವೂ ಸಾಯದೆ ಕೋಲೂ ಮುರಿಯದೆ ಒಂದು ಒಪ್ಪಂದವಾಯಿತು. ತಲೆ, ಬೆನ್ನು, ಕೈಕಾಲಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕುವುದು, ಹೊಟ್ಟೆಗೆ ಮಾತ್ರ ಕೈ ಹಾಕುವಂತಿಲ್ಲ. ಅಪ್ಪಿ "ಆಯ್ತು, ಆಯ್ತು" ಎಂದಳು. ತಾಯಿ ಎರಡು ಸಲ ಆಯ್ತು ಎಂದರೆ ಅದು ಆಗುವುದಿಲ್ಲ ಎಂದು ರಾಜೀವಿಗೆ ಚಿಕ್ಕಂದಿನಿಂದ ಗೊತ್ತು. ಆದರೂ ಸುಮ್ಮನಾದಳು. ಅವಳಿಗೆ ತಾಯಿಯ ಹೆದರಿಕೆ ಇನ್ನೂ ಹೋಗಿರಲಿಲ್ಲ.

ಭಾಂಡುಪಿನ ಗುಡ್ಡದ ಬದಿಯಲ್ಲಿ ಬಾಣಂತಿಯ ನೀರಿಗೆ ಹಾಕುವ ನೆಕ್ಕಿಸೊಪ್ಪು ಸಿಗುತ್ತದೆಂದು ಅಪ್ಪಿ ಬಂದ ವಾರದಲ್ಲೇ ಪತ್ತೆಹಚ್ಚಿದ್ದಳು. ಸೊಪ್ಪು ಹಾಕಿದ ನೀರು ಶೇಗಡಿಯ ಮೇಲೆ ಕೊತಕೊತ ಕುದಿಯುತ್ತಿತ್ತು. ಹೊಗೆ ಹೊರಗಿನ ಗ್ಯಾಲರಿಗೆಲ್ಲ ಹಬ್ಬಿ, ಪಕ್ಕದ ಖೋಲಿಯ ಗಂಗುಬಾಯಿ ಸೆರಗಿನಿಂದ ಮೂಗು ಮುಚ್ಚಿಕೊಂಡು, "ಅಜ್ಜೀಬಾಯಿ, ನಮ್ಮನ್ನೂ ಬೇಯಿಸ್ತೀರಾ?" ಎಂದು ನಗುತ್ತಿದ್ದಳು. ಖೋಲಿಯ ಮೂಲೆಯಲ್ಲಿ ಸ್ನಾನಕ್ಕೆಂದಿದ್ದ ಮೋರಿಯಲ್ಲಿ ಮಣೆ ಹಾಕಿ ವಿನೋದಿನಿಯನ್ನು ಕೂರಿಸಿ ಅಪ್ಪಿ ಬೆನ್ನಿಗೆ ನೀರು ಹೊಡೆದರೆ, ಅದರ ಸದ್ದಿಗೆ ಮಗು ನಿದ್ದೆಯಲ್ಲಿ ಬೆಚ್ಚುತ್ತಿತ್ತು. ಅಪ್ಪಿಗೆ ಒಂದು ಪದ್ಧತಿಯಿತ್ತು. ಕೈಯಿಂದ ನೀರಿನ ಬಿಸಿ ನೋಡುವವಳಲ್ಲ, ಅವಳ ಕೈ ಬೆಂಕಿಗೂ ಬಗ್ಗುತ್ತಿರಲಿಲ್ಲ. ಬಾಣಂತಿಯನ್ನು ಕೇಳುತ್ತಿದ್ದಳು. "ಬಿಸಿಯಾ?" ಬಾಣಂತಿ "ಹಾ" ಎಂದರೆ ಅಲ್ಲಿಗೆ ನಿಂತಿತು. ತಿಕ್ಕುವಾಗಲೂ ಅಷ್ಟೇ, "ನೋವಾ?" ಎಂದು ಕೇಳುತ್ತ, ನೋವೆಂದಲ್ಲಿ ಬಿಡುತ್ತ ಹೋಗುವುದು. ಇಷ್ಟು ವರ್ಷದಲ್ಲಿ ಒಬ್ಬಳಿಗೂ ಅವಳ ಕೈಯಿಂದ ಕೇಡಾಗಿರಲಿಲ್ಲ.

ಮೊದಲ ಕೆಲವು ದಿನ ಒಪ್ಪಂದ ನಡೆಯಿತು. ಆಮೇಲೆ ವಿನೋದಿನಿಯೇ ಕೇಳಿದಳು. "ಅಜ್ಜಿ, ಬೆನ್ನಿಗೆಲ್ಲ ಹಿತ ಆಗ್ತದೆ. ಹೊಟ್ಟೆ ಮಾತ್ರ ಕಲ್ಲಿನ ಹಾಗೆ ತಣ್ಣಗುಂಟು. ಥೋಡಾ ಶಾಖ ಕೊಡು ನಾ."

ಅಪ್ಪಿ ರಾಜೀವಿಯ ಮುಖ ನೋಡಿದಳು. ರಾಜೀವಿ ಕೈಯಲ್ಲಿ ಒಣಬಟ್ಟೆ ಹಿಡಿದು ನಿಂತಿದ್ದಳು.

"ಬೇಡ ಮಗಾ."

"ಅಮ್ಮ, ನೀನು ಎಲ್ಲದಕ್ಕೂ ಬೇಡ ಅಂತೀ. ಹೊಟ್ಟೆ ನನ್ನದಲ್ವಾ?"

"ಬಟ್ಟೆ ಅದ್ದಿ ಇಡುದು, ಅಷ್ಟೇ. ತಿಕ್ಕುದಿಲ್ಲ," ಎಂದಳು ಅಪ್ಪಿ. ರಾಜೀವಿ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು. ಬಟ್ಟೆ ಅದ್ದಿ, ಹಿಂಡಿ, ಮಡಚಿ ಅಪ್ಪಿ ಗಾಯದ ಮೇಲಿಟ್ಟಳು.

"ಬಿಸಿಯಾ?"

"ಇಲ್ಲ ಅಜ್ಜಿ."

ಇನ್ನಷ್ಟು ಬಿಸಿನೀರಿಗೆ ಅದ್ದಿದಳು. "ಈಗ?"

"ಗೊತ್ತಾಗುದೇ ಇಲ್ಲ."

"ನೋಡಿದ್ಯಾ ರಾಜೀವಿ, ಒಳಗೆ ಎಷ್ಟು ಶೀತ ಕೂತಿದೆ! ಬಿಸಿ ಅಂತಲೇ ತಿಳಿಯುದಿಲ್ಲ ಹುಡುಗಿಗೆ," ಎಂದು ಅಪ್ಪಿ ಬಟ್ಟೆಯನ್ನು ಕುದಿಯುವ ನೀರಿಗೇ ಅದ್ದಿದಳು. ಶೀತ ಹೋಗಲಿ ಎಂದು ಮರುದಿನ ಅಂಗೈಯಿಂದ ಎಣ್ಣೆಯನ್ನೂ ಒತ್ತಿದಳು. ನೋವಾ? ಇಲ್ಲ. ಇಲ್ಲವೆಂದ ಮೇಲೆ ಒತ್ತದೆ ಇರುವುದುಂಟೇ? ವಿನೋದಿನಿ ಹಾಯಾಗಿ ಕಣ್ಣು ಮುಚ್ಚಿಕೊಂಡು, ಮೆಣಸಿನ ಸಾರಿನಲ್ಲಿ ಅನ್ನ ಕಲಸಿ ಹೊಟ್ಟೆ ತುಂಬ ಉಂಡಳು. ಬಾಣಂತಿಗೆ ಹಾಲು ಬರಲಿ ಎಂದು ಕೊರಗಪ್ಪ ಹುಡುಕಿ ತಂದ ತಾಟೆ ಮೀನನ್ನು, ಇಲ್ಲಿಯವರು ಮುಶಿ ಎನ್ನುವುದನ್ನು, ಎರಡನೆಯ ಸಲ ಹಾಕಿಸಿಕೊಂಡಳು. ಅಪ್ಪಿ ಬೀಗಿದಳು. ರಾಜೀವಿಗೂ ನಾನೇ ಸುಮ್ಮನೆ ಹೆದರಿದೆನೇನೋ ಎನ್ನಿಸಿತು.

ಒಂದು ಬೆಳಗ್ಗೆ ಸೊಂಟದ ಬಟ್ಟೆ ಬಿಚ್ಚಿದರೆ ಬಟ್ಟೆ ಒದ್ದೆಯಾಗಿತ್ತು. ಗಾಯದ ಎರಡು ಬದಿಗೂ ಬೊಕ್ಕೆ ಎದ್ದು ಒಡೆದಿತ್ತು. ಹೊಲಿಗೆಯ ಕೆಳತುದಿಯಲ್ಲಿ ಚರ್ಮ ಬಾಯಿ ಬಿಟ್ಟಿತ್ತು. "ಅಯ್ಯೋ ದೇವರೇ, ಮಗಳನ್ನು ಬೇಯಿಸಿಬಿಟ್ರಲ್ಲ!" ಎಂದು ರಾಜೀವಿ ಕೂಗಿದ ಕೂಗಿಗೆ ಗಂಗುಬಾಯಿ ಓಡಿಬಂದಳು. ವಿನೋದಿನಿ ಮಾತ್ರ, "ಎಂತಾಯ್ತು? ನನಗೆಂತ ನೋವಿಲ್ಲ ಅಮ್ಮ, ಎಂತಾಯ್ತು?" ಎಂದು ಎಲ್ಲರ ಮುಖ ನೋಡುತ್ತಿದ್ದಳು. ನೋವಿಲ್ಲ ಎಂಬ ಆ ಮಾತೇ ರಾಜೀವಿಯನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಅಪ್ಪಿ ಬಗ್ಗಿ ನೋಡಿದಳು. ನೋಡಿ, ಎರಡು ಕೈಯನ್ನೂ ಸೀರೆಯೊಳಗೆ ಬಚ್ಚಿಟ್ಟುಕೊಂಡು ಗೋಡೆಗೊರಗಿ ಕೂತುಬಿಟ್ಟಳು.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೈದದ್ದು ಬೈಗುಳವಲ್ಲ, ಬಾರುಕೋಲಿನ ಏಟು. ಬೈದು ಮುಗಿದ ಮೇಲೆ ಕಾರಣ ಹೇಳಿದರು. ಕೊಯ್ದ ಜಾಗದ ಸುತ್ತ ಚರ್ಮಕ್ಕೆ ಕೆಲವು ತಿಂಗಳು ಸ್ಪರ್ಶಜ್ಞಾನವೇ ಇರುವುದಿಲ್ಲವಂತೆ. ಬಿಸಿಯೂ ತಿಳಿಯದು, ನೋವೂ ತಿಳಿಯದು. "ಅವಳನ್ನು ಕೇಳಿದ್ರೆ ಅವಳೇನು ಹೇಳ್ತಾಳೆ? ಅವಳಿಗೇ ಗೊತ್ತಾಗೋದಿಲ್ಲ," ಎಂದರು. ಅದನ್ನು ಮೊದಲೇ ಹೇಳಿದ್ದರೆ ಏನಾಗುತ್ತಿತ್ತೋ. ರಾಜೀವಿ ಕೇಳಲಿಲ್ಲ. ಡಾಕ್ಟರಮ್ಮನ ಎದುರು ಬಾಯಿ ಬಿಡುವ ಧೈರ್ಯ ಅವಳಿಗೆಲ್ಲಿಂದ ಬರಬೇಕು?

ಗಾಯ ಮಾಗಲು ವಾರಗಳು ಹಿಡಿದವು. ದಿನ ಬಿಟ್ಟು ದಿನ ಪಟ್ಟಿ ಕಟ್ಟಿಸಲು ರಾಜೀವಿ ಮಗಳನ್ನು ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ದಾದರಕ್ಕೆ ಕರೆದೊಯ್ದಳು. ಲೋಕಲ್ ಕುಲುಕಿದಾಗಲೆಲ್ಲ ಮಗಳ ಹೊಟ್ಟೆಯ ಮುಂದೆ ತನ್ನ ಕೈ ಅಡ್ಡ ಹಿಡಿಯುವಳು. ಯಾರಾದರೂ ಬುಟ್ಟಿ ಹೊತ್ತು ಹತ್ತಿದರೆ, "ಅರೆ ಬಾಯಿ, ದೇಖೋ, ದೇಖೋ!" ಎಂದು ಕಿರುಚುವಳು. ಮನೆಯಲ್ಲಿ ಅಪ್ಪಿ ಮಗುವನ್ನು ಸಹ ಮುಟ್ಟಲಿಲ್ಲ. ಮಗು ಅತ್ತರೆ, "ರಾಜೀವಿ, ಬಾಲೆ ಅಳ್ತದೆ," ಎಂದು ಕೂತಲ್ಲಿಂದ ಕೂಗುವಳು. ಎಲ್ಲರ ಊಟವಾದ ಮೇಲೆ ತಣ್ಣಗಿನ ಗಂಜಿಗೆ ಒಂದು ಮಿಡಿ ಉಪ್ಪಿನಕಾಯಿ ಹಾಕಿಕೊಂಡು ಉಣ್ಣುವಳು.

"ಊರು ನೆಟ್ಟಗೆ ಮಾಡಿದ ಕೈಯಂತೆ!" ಎಂದ ಕೊರಗಪ್ಪ ಒಂದು ದಿನ, ಬಂಗುಡೆಯ ಮುಳ್ಳು ಬಿಡಿಸುತ್ತ. ಅಂದು ಹೊಟ್ಟೆ ಹೊಟ್ಟೆಯೇ ಎಂದವನು ಇವನೇ.

"ಮೆಲ್ಲ ಮಾತಾಡಿ. ಅಮ್ಮನಿಗೆ ಕೇಳ್ತದೆ."

"ಕೇಳ್ಲಿ ಅಂತಲೇ ಹೇಳುದು."

ರಾಜೀವಿಯ ಮನಸ್ಸಿನಲ್ಲಿದ್ದದ್ದೂ ಅದೇ.

ಮೇಲಿನ ಗಾಯ ಮುಚ್ಚಿತು. ಆದರೆ ಮುಚ್ಚಿದ ಚರ್ಮ ಗಂಟುಗಂಟಾಗಿ, ಕೆಂಪಗೆ, ಒಳಗಿನ ಮಾಂಸಕ್ಕೆ ಅಂಟಿಕೊಂಡುಬಿಟ್ಟಿತು. ವಿನೋದಿನಿ ನೆಟ್ಟಗೆ ನಿಂತರೆ ಒಳಗೆ ಯಾರೋ ದಾರ ಕಟ್ಟಿ ಎಳೆದ ಹಾಗಾಗುತ್ತಿತ್ತಂತೆ. ಇಪ್ಪತ್ತರ ಹುಡುಗಿ ಮುದುಕಿಯಂತೆ ಬಗ್ಗಿ ನಡೆದಳು. ಮಗುವನ್ನು ಎತ್ತಲು ಆಗದೆ ಯಾರಾದರೂ ಮಡಿಲಲ್ಲಿ ಇಡಲಿ ಎಂದು ಕಾಯುವಳು.

ಡಾಕ್ಟರಮ್ಮ ಬೆರಳಿನಿಂದ ಒತ್ತಿ, ಆ ಕಡೆ ಈ ಕಡೆ ಸರಿಸಿ ನೋಡಿದರು. ಆಮೇಲೆ ಹೇಳಿದ ಮಾತಿಗೆ ರಾಜೀವಿ ಬೆವತುಹೋದಳು.

"ಇನ್ನು ಮಾಲೀಶ್ ಮಾಡಬೇಕು."

"ಯಾರು?"

"ನೀವೇ. ಬಿಸಿ ಬೇಡ. ಎರಡು ಬೆರಳಿಗೆ ಸ್ವಲ್ಪೇ ಸ್ವಲ್ಪ ಕೊಬ್ಬರಿ ಎಣ್ಣೆ. ಗಾಯದ ಮೇಲೆ ಬೆರಳು ಜಾರಬಾರದು, ಬೆರಳಿನ ಜೊತೆ ಚರ್ಮ ಸರಿಯಬೇಕು. ಮೇಲೆ, ಕೆಳಗೆ, ಸುತ್ತಲೂ. ಗಟ್ಟಿಯಾಗಿ. ದಿನಾ ಮಾಡಿ, ಶಿವರಾತ್ರಿ ಕಳೆದು ಕರಕೊಂಡು ಬನ್ನಿ."

"ಮುಟ್ಟಬೇಡಿ ಅಂದಿದ್ರಲ್ಲ ಬಾಯಿ?"

"ಆಗ ಹಸಿ ಇತ್ತು, ಮುಟ್ಟಬಾರದಿತ್ತು. ಈಗ ಮಾಗಿದೆ, ಮುಟ್ಟದಿದ್ದರೆ ಹೀಗೇ ಅಂಟಿಕೊಂಡು ಉಳೀತದೆ. ಬಿಡದಿದ್ದರೆ ಮತ್ತೆ ಕೊಯ್ದು ಬಿಡಿಸಿ ಹೊಲೀಬೇಕಾದೀತು."

ಮತ್ತೆ ಕೊಯ್ಯುವುದು! ದಾರಿಯುದ್ದಕ್ಕೂ ರಾಜೀವಿಯ ಕಿವಿಯಲ್ಲಿ ಅದೊಂದೇ ಮಾತು. ಒಂದು ಸಲ ಕೊಯ್ದದ್ದರಲ್ಲಿ ಬದುಕಿದ್ದೇ ದೊಡ್ಡದು, ಎರಡನೆಯ ಸಲ ಮೇಜಿನ ಮೇಲಿಂದ ಎದ್ದು ಬರುತ್ತಾಳೆಂದು ಯಾರು ಬರೆದುಕೊಡುತ್ತಾರೆ? ಮುಲುಂಡಿನ ಖೋಲಿ, ಹಾಲು ಕುಡಿಯುವ ಮಗು, ಹೊಸ ಸಂಸಾರ, ಎಲ್ಲ ಆ ಗಂಟು ಚರ್ಮಕ್ಕೆ ಕಟ್ಟಿಕೊಂಡಿತ್ತು. ಅದನ್ನು ಬಿಡಿಸಬೇಕಾದವಳು, ಅದನ್ನು ನೋಡಲೂ ಆಗದ ರಾಜೀವಿ.

ಬೆಳಗಿನ ಕೆಲಸ ಮುಗಿದ ಮೇಲೆ ಬಾಗಿಲು ಮುಚ್ಚಿ ಮಗಳನ್ನು ಮಲಗಿಸುವಳು. ಎಣ್ಣೆಯ ಬಟ್ಟಲು ಹಿಡಿದು ಕೂರುವಳು. ಕಣ್ಣು ಪಕ್ಕಕ್ಕೆ ಹೊರಳಿಸಿ ಬೆರಳಿಡುವಳು. ಬೆರಳ ಕೆಳಗೆ ಗಂಟು ಸಿಕ್ಕಿದೊಡನೆ ಒಡೆದ ಬೊಕ್ಕೆ, ಬಾಯಿಬಿಟ್ಟ ಚರ್ಮ ಎಲ್ಲ ಕಣ್ಣ ಮುಂದೆ ಬಂದು ಕೈ ತಾನಾಗಿ ಹಗುರಾಗುವುದು. ಬೆರಳು ಜಾರಲಿ ಎಂದು ಇನ್ನಷ್ಟು ಎಣ್ಣೆ ಹಾಕುವಳು.

"ನೋವಾಗ್ತದಾ ಮಗಾ?"

"ಇಲ್ಲ."

ಇಲ್ಲ ಎಂದೊಡನೆ ಹೆದರಿ ಕೈ ತೆಗೆಯುವಳು. ಇಲ್ಲ ಎಂದು ನಂಬಿದ್ದಕ್ಕೇ ಅಲ್ಲವೇ ಅಷ್ಟೆಲ್ಲ ಆದದ್ದು? ಅಪ್ಪಿ ಮೂಲೆಯಲ್ಲಿ ಬೆನ್ನು ತಿರುಗಿಸಿ ಕೂತು ಅಕ್ಕಿಯ ಕಲ್ಲು ಆರಿಸುವಳು. ಒಮ್ಮೆಯೂ ಈ ಕಡೆ ನೋಡಲಿಲ್ಲ.

ಹೀಗೇ ಸಂಕ್ರಾಂತಿ ಹೋಯಿತು. ಆದಿತ್ಯವಾರ ಚೆನ್ನಯ ಹೆಂಡತಿಗೆ ಬ್ರೆಡ್ಡು, ಅತ್ತೆಗೆ ವೀಳ್ಯದೆಲೆ ತಂದ. ಗೋಡೆ ಹಿಡಿದು ಬರುತ್ತಿದ್ದ ಹೆಂಡತಿಯನ್ನೇ ನೋಡಿದ.

"ಇನ್ನೂ ಬಗ್ಗಿಯೇ ನಡೀತೀಯಲ್ಲ. ತಿಕ್ಕುದು ತಿಕ್ತಾರಾ, ಇಲ್ವಾ?"

"ದಿನಾ ತಿಕ್ತೇನೆ, ದೇವರಾಣೆ," ಎಂದಳು ರಾಜೀವಿ.

"ಅಮ್ಮ ಎಣ್ಣೆಗೆ ಎಣ್ಣೆ ತಿಕ್ತಾಳೆ," ಎಂದಳು ವಿನೋದಿನಿ. ಹುಡುಗಿಯ ಸ್ವರದಲ್ಲಿ ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಡೆಯಿತು. "ನನ್ನನ್ನು ಮುಟ್ಟುದೇ ಇಲ್ಲ ಅವಳು! ಮುಖ ಆ ಕಡೆ, ಬೆರಳು ಈ ಕಡೆ. ಶಿವರಾತ್ರಿ ಬಂತು. ನನ್ನನ್ನು ಮತ್ತೆ ಕೊಯ್ತಾರೆ. ಕೊಯ್ಯುವಾಗ ನಾನು ಸತ್ರೆ ಆಗ ನೋಡು, ಕಣ್ಣು ತುಂಬ ನೋಡು!"

"ಹಾಗೆಲ್ಲ ಬಾಯಲ್ಲಿ ತರ್ಬೇಡ ಮಗಾ..."

"ಅಜ್ಜಿ ಮಾಡ್ಲಿ."

ಮೂಲೆಯಲ್ಲಿ ಅಪ್ಪಿಯ ಮೊರ ನಿಂತಿತು. "ನಾನಾ? ನನ್ನಿಂದ ಸಾಧ್ಯವಿಲ್ಲ ಮಗಾ. ನನ್ನ ಕೈ ಕೆಟ್ಟಿತು."

"ಅಜ್ಜಿಗೆ ಒತ್ಲಿಕ್ಕೆ ಗೊತ್ತುಂಟು. ಅಮ್ಮನಿಗಿಲ್ಲ."

ರಾಜೀವಿಗೆ ಏನಾಯಿತೋ. ಬಹುಶಃ ಹುಟ್ಟಿದಂದಿನಿಂದ ತಾಯಿಗೆ ಹೆದರಿದ್ದೆಲ್ಲ ಒಟ್ಟಿಗೆ ಹೊರಗೆ ಬಂತು. "ಆ ಕೈ ಬೇಡ!" ಎಂದು ಅರಚಿದಳು. "ನನ್ನ ಮಗಳನ್ನು ಒಂದು ಸಲ ಸುಟ್ಟ ಕೈ ಅದು. ಇನ್ನೊಂದು ಸಲ ತಾಗ್ಲಿಕ್ಕೆ ನಾನು ಬಿಡುದಿಲ್ಲ!"

ಚೆನ್ನಯ ತಲೆ ತಗ್ಗಿಸಿದ. ಸ್ಟವ್ವಿನ ಮುಂದಿದ್ದ ಕೊರಗಪ್ಪ ಸೌಟು ಹಿಡಿದವನು ಹಿಡಿದಂತೆಯೇ ನಿಂತ. ಅಪ್ಪಿ ಮೆಲ್ಲನೆದ್ದು ತನ್ನ ಸೀರೆ ಮಡಚಿ ಗಂಟು ಕಟ್ಟತೊಡಗಿದಳು. "ಹಡಗು ಯಾವತ್ತುಂಟು ಅಂತ ಕೇಳಿ ಬನ್ನಿ ಚೆನ್ನಯ," ಎಂದಳು. ಅವಳ ಕಣ್ಣಿನಲ್ಲಿ ನೀರಿರಲಿಲ್ಲ, ಗಂಟು ಮಾತ್ರ ಎರಡು ಸಲ ಕಟ್ಟಿದರೂ ಕೂರಲಿಲ್ಲ.

"ಯಾರೂ ಎಲ್ಲಿಗೂ ಹೋಗುದು ಬೇಡ," ಎಂದಳು ವಿನೋದಿನಿ. ಮಗುವನ್ನು ಗಂಡನ ಮಡಿಲಿಗೆ ಹಾಕಿಸಿ, "ನೀವು, ಅಪ್ಪ, ಇಬ್ಬರೂ ಹೊರಗೆ ಹೋಗಿ," ಎಂದಳು. ಗಂಡಸರು ಹೊರಗೆ ಹೋದರು. ಅವಳು ಚಾಪೆಯ ಮೇಲೆ ಮಲಗಿ ಸೀರೆ ಸಡಿಲಿಸಿ, ತನ್ನ ಎರಡು ಬೆರಳನ್ನು ತಾನೇ ಗಾಯದ ಮೇಲೆ ಊರಿದಳು.

"ಅಜ್ಜಿ, ಬಾ. ನಿನ್ನ ಬೆರಳು ನನ್ನ ಬೆರಳ ಮೇಲೆ ಇಡು."

"ಎಂತಕ್ಕೆ?"

"ಹೊಟ್ಟೆಗೆ ಗೊತ್ತಾಗುದಿಲ್ಲ. ಬೆರಳಿಗೆ ಗೊತ್ತಾಗ್ತದಲ್ಲ! ನೀನು ಒತ್ತು. ಬಿಸಿಯಾಗ್ತದಾ, ಚರ್ಮ ಸರೀತದಾ, ಒಡೀತದಾ, ನನ್ನ ಬೆರಳು ಹೇಳ್ತದೆ. ಹೆಚ್ಚಾದ್ರೆ ನಾನು ಬಸ್, ಸಾಕು ಅಂತೇನೆ. ಒಬ್ಬಳೇ ಮಾಡಿ ನೋಡಿದೆ ಅಜ್ಜಿ, ಮಲಗಿ ಒತ್ಲಿಕ್ಕೆ ಬಲ ಸಾಲುದಿಲ್ಲ."

ಅಪ್ಪಿ ಕದಲಲಿಲ್ಲ. ಮೊಮ್ಮಗಳನ್ನಲ್ಲ, ಮಗಳನ್ನು ನೋಡಿದಳು. ಆ ಮುದುಕಿ ಯಾರ ಅಪ್ಪಣೆಗೂ ಕಾದವಳಲ್ಲ. ಈಗ ಕಾಯುತ್ತಿದ್ದಳು. ರಾಜೀವಿಗೆ ಬೇಡವೆನ್ನಬೇಕೆನ್ನಿಸಿತು. ಬೇಡವೆಂದರೆ ಆಸ್ಪತ್ರೆಯ ಮೇಜು, ಹೂಂ ಎಂದರೆ ಈ ಕೈ. ಅತ್ತ ದರಿ ಇತ್ತ ಹುಲಿ. ಹೂಂ ಎನ್ನಲಿಲ್ಲ, ಎಣ್ಣೆಯ ಬಟ್ಟಲನ್ನು ತಾಯಿಯ ಕಡೆ ಸರಿಸಿದಳಷ್ಟೆ. ಸರಿಸಿ, ಅಲ್ಲೇ ಗಟ್ಟಿಯಾಗಿ ಕೂತಳು. "ನಾನು ನೋಡ್ತಾ ಇರ್ತೇನೆ," ಎಂದಳು.

"ನೋಡು," ಎಂದಳು ಅಪ್ಪಿ.

ಅಂದು ರಾಜೀವಿ ಮೊದಲ ಸಲ ಆ ಗಾಯವನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಕೆಳಗೆ ಮಗಳ ಬೆರಳು, ಮೇಲೆ ತಾಯಿಯ ಬೆರಳು. ಅಪ್ಪಿ ಒತ್ತಿದಳು. "ಸಾಲದು ಅಜ್ಜಿ. ಇನ್ನೂ. ಹಾಂ, ಈಗ ಸರಿ... ಅಲ್ಲಿ ಸರಿಯುದಿಲ್ಲ, ಅಲ್ಲೇ ಅಂಟಿದ್ದು. ಬಸ್, ಬಸ್." ಬಾಗಿಲ ಹೊರಗೆ ಮಗು ಅಳುತ್ತಿತ್ತು, ಚೆನ್ನಯ ಅದಕ್ಕೆ ಹೋಟೆಲಿನ ತಿಂಡಿಗಳ ಹೆಸರನ್ನೆಲ್ಲ ರಾಗವಾಗಿ ಹೇಳುತ್ತಿದ್ದ.

ದಿನಾ ನಡೆಯಿತು. ದಿನಾ ಹೆದರಿಕೆಯೂ ನಡೆಯಿತು. ತಿಕ್ಕಿ ಮುಗಿದೊಡನೆ ರಾಜೀವಿ ಬಗ್ಗಿ, ಎಲ್ಲಾದರೂ ಕೆಂಪೇರಿತೇ, ಒದ್ದೆಯಾಯಿತೇ ಎಂದು ಹುಡುಕುವಳು. ಒಮ್ಮೆ ಒಂದು ಹನಿ ಎಣ್ಣೆ ಹೊಳೆದದ್ದನ್ನು ಕೀವೆಂದು ತಿಳಿದು ರಾದ್ಧಾಂತ ಮಾಡಿದಳು. ಅಪ್ಪಿಗೂ ಅವಳಿಗೂ ಈಗ ಮಾತಿದ್ದದ್ದು ಗಾಯದ ಬಗ್ಗೆ ಮಾತ್ರ. "ಮೇಲ್ಗಡೆ ಸ್ವಲ್ಪ ಬಿಟ್ಟಿದೆ ಅಲ್ವಾ?" "ಸುಮ್ನಿರು, ಬಾಯಿ ಹಾಕ್ಬೇಡ." ಅಪ್ಪಿಯ ಗಂಟು ಕಟ್ಟಿದ ಹಾಗೇ ಮೂಲೆಯಲ್ಲಿತ್ತು. ಅದನ್ನು ಬಿಚ್ಚಲು ಅವಳಿಗೆ ಯಾರೂ ಹೇಳಲಿಲ್ಲ, ಹೋಗೆಂದೂ ಹೇಳಲಿಲ್ಲ.

ವಿನೋದಿನಿಯ ಬೆನ್ನು ಒಂದಿಷ್ಟು ನೆಟ್ಟಗಾದಂತೆ ಕಂಡಿತು. ಒಂದು ದಿನ ಕಂಡದ್ದು ಮರುದಿನ ಕಾಣದು. ಹೊಟ್ಟೆ ಮಾತ್ರ ಇನ್ನೂ ಏನೂ ಹೇಳುತ್ತಿರಲಿಲ್ಲ. "ಗೊತ್ತಾಗ್ತದಾ?" "ಬೆರಳಿಗೆ ಗೊತ್ತಾಗ್ತದೆ, ಹೊಟ್ಟೆಗಿಲ್ಲ." ಆ ಜಾಗ ಸತ್ತೇ ಹೋಗಿದೆಯೋ ಏನೋ ಎಂದು ರಾಜೀವಿಗೆ ಉಂಡ ಅನ್ನ ಇಳಿಯುತ್ತಿರಲಿಲ್ಲ.

ಶಿವರಾತ್ರಿ ಕಳೆದು ದಾದರಕ್ಕೆ ಹೊರಟರು. ಅಪ್ಪಿ ತಾನೂ ಬರುತ್ತೇನೆಂದಳು, ಗಂಟನ್ನೂ ತೆಗೆದುಕೊಂಡಳು. "ಮತ್ತೆ ಕೊಯ್ಬೇಕು ಅಂದ್ರೆ ನಾನು ಅಲ್ಲಿಂದಲೇ ಹೋಗ್ತೇನೆ. ಆ ಮನೆಗೆ ನನಗೆ ಮುಖ ಇಲ್ಲ," ಎಂದಳು. ಎಲ್ಲಿಗೆ ಹೋಗುತ್ತೀಯಮ್ಮ, ಬಂದರಿನ ದಾರಿ ಗೊತ್ತುಂಟಾ ನಿನಗೆ ಎಂದೂ ಕೇಳದೆ ರಾಜೀವಿ ಮಗುವಿನ ಬಟ್ಟೆ ಚೀಲಕ್ಕೆ ತುಂಬಿದಳು. ಹೋಟೆಲಿನಲ್ಲಿ ರಜೆ ಕೇಳಿ ಚೆನ್ನಯನೂ ಬಂದಿದ್ದ. ಕೊರಗಪ್ಪ ದೇವರಿಗೆ ಹೇಳಿಕೊಂಡ ತೆಂಗಿನಕಾಯಿಯನ್ನು ಚೀಲದಲ್ಲಿ ಹಾಕಿಕೊಂಡೇ ಕಾರ್ಖಾನೆಗೆ ಹೋಗಿದ್ದ.

ಅಪ್ಪಿ ಆಸ್ಪತ್ರೆಯ ಕಾರಿಡಾರಿನ ಬೆಂಚಿನಲ್ಲಿ ಕೂತಳು. ಚೆನ್ನಯ ಮಗುವನ್ನೆತ್ತಿಕೊಂಡು ಅಡ್ಡಾಡತೊಡಗಿದ. ರಾಜೀವಿಯನ್ನು ಒಳಗೆ ಪರದೆಯ ಈಚೆ ನಿಲ್ಲಿಸಿದರು. ಪರದೆಯ ಆಚೆ ಡಾಕ್ಟರಮ್ಮ, ನರ್ಸು, ವಿನೋದಿನಿ. ಏನೋ ಲೋಹದ ಸಾಮಾನು ತಟ್ಟೆಯಲ್ಲಿ ಟಣ್ ಎಂದಿತು. ಡಾಕ್ಟರಮ್ಮ ಇಂಗ್ಲಿಷಿನಲ್ಲಿ ನರ್ಸಿಗೆ ಏನೋ ಹೇಳಿದರು. ರಾಜೀವಿ ಪರದೆಯ ಅಂಚು ಹಿಡಿದು ನಿಂತಳು.

ಆಗ ವಿನೋದಿನಿ ಚೀರಿದಳು. "ಅಯ್ಯಯ್ಯೋ ಅಮ್ಮಾ!"

ರಾಜೀವಿ ಪರದೆ ಕಿತ್ತುಕೊಂಡೇ ಒಳಗೆ ನುಗ್ಗಿದಳು. ಹಿಂದೆ ಮುಂದೆ ನೋಡಲಿಲ್ಲ, ಡಾಕ್ಟರಮ್ಮನ ಕೈಯನ್ನು ಎರಡೂ ಕೈಯಿಂದ ಹಿಡಿದು ಎಳೆದಳು. "ಮುಟ್ಬೇಡಿ! ನನ್ನ ಮಗಳನ್ನು ಕೊಯ್ಯಬೇಡಿ! ಹೇಳದೆ ಕೇಳದೆ ಕೊಯ್ತೀರಾ? ನಾನು ಬಿಡುದಿಲ್ಲ, ನನ್ನನ್ನು ಕೊಯ್ಯಿರಿ ಬೇಕಾದ್ರೆ!" ಮರಾಠಿ, ಹಿಂದಿ, ಕನ್ನಡ, ತುಳು ಎಲ್ಲ ಒಂದೇ ಉಸಿರಿಗೆ ಬಂತು. ನರ್ಸು ಅವಳ ಭುಜ ಹಿಡಿದು ಹಿಂದಕ್ಕೆಳೆದಳು. ಆದರೆ ರಾಜೀವಿಯ ಹಿಡಿತ ಬಿಡಲಿಲ್ಲ.

"ಬಾಯಿ, ನನ್ನ ಕೈಯಲ್ಲಿ ಏನಿದೆ, ನೋಡಿ," ಎಂದರು ಡಾಕ್ಟರಮ್ಮ. ಕೈಯಲ್ಲಿ ಕತ್ತಿಯಿರಲಿಲ್ಲ. ಏನೂ ಇರಲಿಲ್ಲ. "ಚಿವುಟಿದೆ, ಅಷ್ಟೇ. ಗಾಯದ ಚರ್ಮ ಎರಡು ಬೆರಳಲ್ಲಿ ಎತ್ತಿ ಚಿವುಟಿದೆ. ಮೊದಲು ಎತ್ತಲಿಕ್ಕೇ ಬರ್ತಿರಲಿಲ್ಲ."

ರಾಜೀವಿ ಮಗಳ ಕಡೆ ತಿರುಗಿದಳು. ವಿನೋದಿನಿಯ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಬಾಯಿ ನಗುತ್ತಿತ್ತು.

"ನೋವಾಯ್ತು ಅಮ್ಮ. ಅಲ್ಲೇ, ಗಾಯದಲ್ಲೇ. ನನಗೆ ನೋವಾಯ್ತು!"

"ಇನ್ನು ಕೊಯ್ಯೋ ಮಾತಿಲ್ಲ," ಎಂದರು ಡಾಕ್ಟರಮ್ಮ. "ಮಾಲೀಶ್ ಇನ್ನೂ ಕೆಲವು ತಿಂಗಳು ಬಿಡಬೇಡಿ. ಈಗ ನನ್ನ ಕೈ ಬಿಡಿ."

ರಾಜೀವಿ ಕೈ ಬಿಟ್ಟಳು. ನಾಚಿಕೆಯಾಯಿತು. ಸೆರಗು ಸರಿಮಾಡಿಕೊಂಡು ಹೊರಗೆ ಬಂದಳು. ಮಗುವನ್ನು ಎದೆಗೊತ್ತಿಕೊಂಡು ಬಾಗಿಲಿಗೇ ಬಂದು ನಿಂತಿದ್ದ ಅಳಿಯನಿಗೆ, "ಇಲ್ಲ, ಎಂತದೂ ಇಲ್ಲ, ಒಳಗೆ ಹೋಗಿ," ಎಂದಳು.

ಅಪ್ಪಿ ಬೆಂಚಿನಿಂದ ಎದ್ದು ನಿಂತಿದ್ದಳು. ಚೀರಿದ್ದು ಅವಳಿಗೂ ಕೇಳಿಸಿತ್ತು. ಗಂಟು ಕಂಕುಳಲ್ಲಿತ್ತು, ಮುಖ ಬಿಳಿಚಿತ್ತು. ಮಗಳು ಹತ್ತಿರ ಬಂದೊಡನೆ ಹೊಡೆತಕ್ಕೆ ಅಂಜುವವಳಂತೆ ಒಂದು ಹೆಜ್ಜೆ ಹಿಂದೆ ಸರಿದಳು.

"ಕೊಯ್ತಾರಾ?"

"ಇಲ್ಲಮ್ಮ."

"ಮತ್ತೆ ಹುಡುಗಿ ಬೊಬ್ಬೆ ಹಾಕಿದ್ದು?"

"ಚಿವುಟಿದ್ರಂತೆ. ಗಾಯದ ಮೇಲೆ. ನೋವಾಯ್ತಂತೆ ಅವಳಿಗೆ."

"ನೋವಾಯ್ತಾ?"

"ಹೂಂ ಅಮ್ಮ. ನೋವಾಯ್ತು."

ಅಪ್ಪಿ ಬೆಂಚಿನ ಮೇಲೆ ಕುಕ್ಕರಿಸಿದಳು. ರಾಜೀವಿ ಪಕ್ಕದಲ್ಲಿ ಕೂತು ತಾಯಿಯ ಬಲಗೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ಅಪ್ಪಿ ಆ ಕೈಯನ್ನು ಬಿಡಿಸಿಕೊಳ್ಳಲಿಲ್ಲ. ಬಾಗಿಲ ಕಡೆಗೇ ನೋಡುತ್ತ, ಹೇಳಿದಳು:

"ಅವಳಿಗೆ ಇನ್ನೊಮ್ಮೆ ಬೊಬ್ಬೆ ಹಾಕ್ಲಿಕ್ಕೆ ಹೇಳು ರಾಜೀವಿ. ನನಗೆ ಸರಿ ಕೇಳ್ಲಿಲ್ಲ."